ಹಲ್ಲಿನ ಲೆಕ್ಕ

ನನ್ನ ಅಂಗಡಿಯಲ್ಲಿ ಎರೆಹುಳು ಡಜನ್ನಿನ ಲೆಕ್ಕ,
ಸೀಮೆಎಣ್ಣೆ ಕ್ಯಾನಿನ ಲೆಕ್ಕ,
ಕಾಡು ಹಾಳೆಯ ಲೆಕ್ಕ.
ಗಲ್ಲಾಪೆಟ್ಟಿಗೆಯ ಪಕ್ಕ ಸರ್ಕಾರದ ಯಂತ್ರವೊಂದು
ಹಸಿರು ಕಾಗದ ಉಗುಳುತ್ತದೆ:
ಜಿಂಕೆಗೊಂದು, ಬಾತಿಗೊಂದು, ಬೋನಿಗೊಂದು.
ಎತ್ತರ ಎಷ್ಟು, ತೂಕ ಎಷ್ಟು, ಕಣ್ಣಿನ ಬಣ್ಣ ಯಾವುದು?
ಕೇಳಲೇಬೇಕು, ನಿಯಮ.
ತೂಕದ ವಿಷಯದಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ,
ಹೇಳಿದ್ದನ್ನೇ ಬರೆದುಕೊಳ್ಳುತ್ತೇನೆ.

ಅಕ್ಟೋಬರಿನ ಮೊದಲ ಸೋಮವಾರ, ನಾನು ಬೀಗ ತೆಗೆಯುವ ಮೊದಲೇ
ಆರ್ವಿಡ್ ಪೆಲ್ಟೋಲಾನ ಪಿಕಪ್ ಬಂದು ನಿಂತಿರುತ್ತದೆ,
ಸುಪೀರಿಯರ್ ಸರೋವರದ ಗಾಳಿಗೆ ಬೆನ್ನು ಮಾಡಿ.
"ಕಣ್ಣು?" ಅಂದರೆ,
"ಒಂದು ನೀಲಿ, ಒಂದು ಗಾಜು.
ನಿನ್ನ ಯಂತ್ರಕ್ಕೆ ಯಾವುದು ಬೇಕು, ಮಾರ್ಲಿಸ್?"
ಮೂವತ್ತೊಂದು ವರ್ಷದಿಂದ ಅದೇ ಜೋಕು.
ಮೂವತ್ತೊಂದು ವರ್ಷದಿಂದ ನಾನು "ನೀಲಿ" ಎಂದು ಒತ್ತುತ್ತೇನೆ.

ಅವನ ಪ್ರತಿ ಬೋನಿಗೂ ತಾಮ್ರದ ಬಿಲ್ಲೆ,
ಬಿಲ್ಲೆಯ ಮೇಲೆ ಅವನ ಹೆಸರು, ಊರು.
ನೀರಿನ ಒಳಗೆ, ಮಂಜಿನ ಕೆಳಗೆ,
ಯಾರೂ ಓದದ ಜಾಗದಲ್ಲೂ
ಹೆಸರು ಹೇಳಿಯೇ ಕೊಲ್ಲಬೇಕು,
ಇಲ್ಲಿನ ಕಾನೂನು ಅಷ್ಟು ಮರ್ಯಾದಸ್ಥ.

ಫಿಷರ್ ಅಂತ ಒಂದು ಪ್ರಾಣಿ.
ಹೆಸರಲ್ಲಿ ಮೀನುಗಾರ, ಮೀನಿನ ಗೊಡವೆಯೇ ಇಲ್ಲ;
ಮುಳ್ಳುಹಂದಿಯನ್ನು ಮುಖದಿಂದ ಶುರುಮಾಡಿ ತಿನ್ನುವ ಜಾತಿ.
ಅದರ ಚರ್ಮ ಹರಾಜಿಗೆ, ಮೈ ಇಲಾಖೆಗೆ,
ಒಂದು ಹಲ್ಲು, ಪುಟ್ಟ ಲಕೋಟೆಯಲ್ಲಿ, ಪ್ರಯೋಗಾಲಯಕ್ಕೆ.
ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದಂತೆ.
ಕಾಡು ಕೊಟ್ಟದ್ದರ ಹಲ್ಲು ಎಣಿಸದಿದ್ದರೆ ಇಲ್ಲಿ ದಂಡ.
ಅಲ್ಲಿ ಯಾರೋ ಹುಡುಗಿ ಅದನ್ನು ಈರುಳ್ಳಿ ಪೊರೆಯಷ್ಟು ತೆಳ್ಳಗೆ ಕೊಯ್ದು,
ಬಣ್ಣ ಹಾಕಿ, ಉಂಗುರ ಎಣಿಸುತ್ತಾಳೆ,
ಚಳಿಗಾಲಕ್ಕೊಂದು ಉಂಗುರ.
ಬೇಸಿಗೆಯಲ್ಲಿ ಕಾರ್ಡು ಬರುತ್ತದೆ, ನನ್ನ ಅಂಗಡಿಯ ವಿಳಾಸಕ್ಕೆ,
ಅವನ ಅಂಚೆಡಬ್ಬವನ್ನು ಪ್ರತಿವರ್ಷ ಮಂಜಿನ ಲಾರಿ ಕೆಡವುವುದರಿಂದ.

ಗಂಡು, ಒಂದು ವರ್ಷ.
ಗಂಡು, ಎರಡು.
ಹೀಗೇ ಬರುತ್ತಿದ್ದವು, ಜೇಬಿಗೆ ಹೋಗುತ್ತಿದ್ದವು.
ಮೂರು ವರ್ಷದ ಹಿಂದೆ ಒಂದು ಬಂತು:
ಹೆಣ್ಣು, ಒಂಬತ್ತು. ವಸಂತಕ್ಕೆ ಮೂರು ಮರಿ ಇರುತ್ತಿದ್ದವು.
ಒಳ್ಳೆಯ ಕಣ್ಣಿಂದ ಓದಿದ. ಕಾರ್ಡು ತಿರುಗಿಸಿದ,
ಹಿಂದೆ ಏನೂ ಇರಲಿಲ್ಲ.
"ಎಂಟು ಚಳಿಗಾಲ ನನ್ನ ಹಾದಿಯಲ್ಲೇ ಓಡಾಡಿದ್ದಾಳೆ,"
ಅಂದ, "ನನ್ನ ಕೈವಾಸನೆ ಗೊತ್ತಿತ್ತು ಅವಳಿಗೆ."
ಕಾಫಿಗೆ ದುಡ್ಡು ಕೊಡುವುದು ಮರೆತು ಹೋದ.

ಆ ಅಕ್ಟೋಬರಿನಲ್ಲೂ ಬಂದ. ಲೈಸೆನ್ಸ್ ತೆಗೆದ.
ಬೋನು ಮಾತ್ರ ಕೊಟ್ಟಿಗೆಯ ಮೊಳೆಯಿಂದ ಇಳಿಯಲಿಲ್ಲ.
ವರ್ಷಾಂತ್ಯದ ಫಾರಮ್ಮಿನಲ್ಲಿ, ಹಿಡಿದದ್ದು: ಸೊನ್ನೆ.
ಮರುವರ್ಷ, ಸೊನ್ನೆ.
"ಮತ್ತೆ ದುಡ್ಡು ಯಾಕೆ ಸುರಿಯುತ್ತೀ?"
"ಹಲ್ಲು ಕೊಯ್ಯುವ ಹುಡುಗಿಗೆ ಸಂಬಳ ಬೇಡವೇ?"

ಬೈನಾಕ್ಯುಲರ್ ನೇತುಹಾಕಿಕೊಂಡು ಪೇಟೆಯ ಮಂದಿ ಬರುತ್ತಾರೆ,
ಜೌಗಿನ ಹಂಸಗಳನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಾರೆ,
ಬೇಟೆಯವರನ್ನು ಬೈಯುತ್ತಾರೆ.
ಆ ಜೌಗು ಕೊಂಡದ್ದು ತೋಟಾದ ತೆರಿಗೆಯಿಂದ ಎನ್ನಲು ಬಾಯಿಗೆ ಬರುತ್ತದೆ.
ಹೇಳುವುದಿಲ್ಲ.
ಲೆನೋರಾಳ ನಾಯಿ ಯಾರದೋ ಉರುಳಿನಲ್ಲಿ ಸತ್ತಿತು,
ಅದರ ಕೊರಳಪಟ್ಟಿ ಇನ್ನೂ ನನ್ನ ಬಾಗಿಲ ಹಿಂದಿದೆ,
ಅವಳು ಒಯ್ಯಲಿಲ್ಲ, ನಾನು ಎಸೆಯಲಿಲ್ಲ.
ಬಿಲ್ಲೆಯ ಮೇಲೆ ಹೆಸರಿತ್ತು. ಹೆಸರಿನಿಂದ ಏನಾಯಿತು?

ಈ ಜುಲೈಯಲ್ಲಿ ಆರ್ವಿಡನ ದವಡೆಯ ಹಲ್ಲು ಬಿತ್ತು.
ಹಳೆಯ ಲಕೋಟೆಯೊಂದರಲ್ಲಿ ಹಾಕಿ ತಂದ.
ಗಂಡು. ಸಿಕ್ಕಿದ ಸ್ಥಳ: ಅಡುಗೆಮನೆ.
ವಿಧಾನ: ತಾನಾಗಿಯೇ.
ನಕ್ಕೆ. ಅವನು ನಗಲಿಲ್ಲ.
"ನಿಯಮ," ಅಂದ, "ಕಳಿಸು."
ಅಂಚೆಚೀಟಿ ಅಂಟಿಸಿ ಕಳಿಸಿದೆ.

ಕಾರ್ಡು ಇನ್ನೂ ಬಂದಿಲ್ಲ.
ಸೋಮವಾರಕ್ಕೆ ಹನ್ನೊಂದು ದಿನ.
ಯಂತ್ರಕ್ಕೆ ಹೊಸ ಸುರುಳಿ ಹಾಕಿದ್ದೇನೆ.