ಅಂಕಣ ನಾಲ್ಕು

ಬೆಳಗಿನ ಐದೂಮುಕ್ಕಾಲು. ಮೈಕಿನ ಗುಂಡಿ ಒತ್ತಿದೆ,
ದನಿ ಬರಲಿಲ್ಲ.
ನಿನ್ನೆ ರಾತ್ರಿ ಕೂಗಿ ಕೂಗಿ
ಗಂಟಲು ಕ್ರೀಡಾಂಗಣದಲ್ಲೇ ಉಳಿದಿದೆ,
ಮೂರನೇ ಮೆಟ್ಟಿಲ ಮೇಲೆ, ಕಡಲೆಕಾಯಿ ಸಿಪ್ಪೆಯ ಜೊತೆ.

ಹಾಳಾದ್ದು, ದಿನದ ಮೊದಲ ಬಸ್ಸೇ ಚಿಕ್ಕಮಗಳೂರಿನದು,
ಬೇಲೂರು ಮಾರ್ಗವಾಗಿ.
ಇಪ್ಪತ್ತೆರಡು ವರ್ಷ ನಾಲಿಗೆ ತಾನಾಗಿ ಹೇಳಿದ ಹೆಸರು
ಇವತ್ತು ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ
ಹಲ್ಲಿಗೆ ತಗುಲಿ ನಿಂತಿತು.
ಆ ಊರಿನ ಡಿಪೋದ ಡ್ರೈವರ್ ಲೋಹಿತಾಶ್ವ ಕಿಟಕಿಗೆ ಬಗ್ಗಿ,
'ಏನ್ ಮೇಡಂ, ನಮ್ಮೂರ ಹೆಸರು ಕೂಗಕ್ಕೆ
ಇಷ್ಟೊಂದು ಕಷ್ಟವಾ?'
ಮೀಸೆಯೊಳಗೇ ನಕ್ಕ.

ನಜೀರ್ ಸಾಹೇಬರು ಫ್ಲಾಸ್ಕಿನ ಬಿಸಿನೀರಿಗೆ
ಎರಡು ಕಾಳುಮೆಣಸು ಕುಟ್ಟಿ ಹಾಕಿ ಕೊಟ್ಟರು.
ಎಷ್ಟಕ್ಕೆ ಎಷ್ಟು ಎಂದು ಕೇಳಲಿಲ್ಲ.
ಹಾಗೆ ಕೇಳದೇ ಇದ್ದವರು ಈ ನಿಲ್ದಾಣದಲ್ಲಿ ಅವರೊಬ್ಬರೇ.

ಹದಿನಾಲ್ಕು, ಹದಿನಾಲ್ಕು. ಐದನೇ ಸೆಟ್ಟು.
ಇಬ್ಬನಿಗೆ ಚೆಂಡು ಒದ್ದೆ, ದೀಪದ ಸುತ್ತ ಹುಳ.
ನಮ್ಮ ತೀರ್ಥೇಶ ಸರ್ವೀಸಿಗೆ ಬಂದ.
ಚೆಂಡನ್ನು ಎದೆಗೆ ಒರೆಸಿಕೊಂಡು
ನಾಲ್ಕು ಸಲ ನೆಲಕ್ಕೆ ಬಡಿದ.
ಯಾವಾಗಲೂ ಮೂರೇ ಸಲ.
ನಾನು ಎಣಿಸುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ.
ಬಲೆಯ ಮೇಲಂಚಿನಲ್ಲಿ ಕೂತ ಚೆಂಡು
ಒಂದು ಗಳಿಗೆ ಯೋಚನೆ ಮಾಡಿತು;
ಆ ಕಡೆಗೂ ಬೀಳಬಹುದಿತ್ತು.
ಆಮೇಲಿನದು ಎಲ್ಲಿ ಬಿತ್ತೋ ನೋಡಲಿಲ್ಲ,
ಚಪ್ಪಲಿ ಹುಡುಕುತ್ತಿದ್ದೆ.

ಮನೆಯಲ್ಲಿ ಸೊಗಡವರೆ ಸಾರು.
ಮುದ್ದೆ ಮುರಿಯದೆ ಕೂತ ನನ್ನನ್ನು ನೋಡಿ
ಅತ್ತೆ ಮೆಲ್ಲಗೆ ಕೇಳಿದರು, 'ಯಾರಾದರೂ ಹೋದರಾ?'
'ಇಲ್ಲ ಅತ್ತೆ. ಚೆಂಡು.'
'ಚೆಂಡಾ?' ಎಂದವರು
ಸ್ವಲ್ಪ ಹೊತ್ತು ಬಿಟ್ಟು
ಇನ್ನೊಂದು ಸೌಟು ಸಾರು ಬಡಿಸಿದರು.
ಸಾವಿನ ಮನೆಯಲ್ಲಿ ಬಡಿಸುವಂತೆ, ಬೇಕಾ ಎಂದು ಕೇಳದೆ.

ಭಾನುವಾರದ ಫೈನಲ್ಲಿಗೆ ರಜೆ ಹಾಕಿದ್ದೆ.
ಕಾರಣ: ಹತ್ತಿರದ ಸಂಬಂಧಿಕರ ಮದುವೆ.
ಮಂಜೂರಾಗಿದೆ, ಸೀಲು ಬಿದ್ದಿದೆ.
ಈಗ ಆ ಇಡೀ ಭಾನುವಾರವನ್ನು
ಎಲ್ಲಿ ಇಡಲಿ ನಾನು?

ಅಂಕಣವೆಂದರೆ ನಿನ್ನೆ
ಒಂಬತ್ತು ಮೀಟರು ಅಗಲ, ಸುತ್ತ ಸುಣ್ಣದ ಗೆರೆ.
ಇವತ್ತು ಬಸ್ಸು ನಿಲ್ಲುವ ಜಾಗ,
ಡೀಸೆಲ್ಲಿನ ಕಲೆ, ಮಲಗಿದ ಕಂದು ನಾಯಿ.
ಎರಡಕ್ಕೂ ಒಂದೇ ಪದ ಇಟ್ಟ ಪುಣ್ಯಾತ್ಮ
ಹಾಸನದ ತಂಡಕ್ಕೆ ಜೈ ಅಂದವನಲ್ಲ, ಖಂಡಿತ.

ಏಳೂವರೆಗೆ ಅರಕಲಗೂಡಿನ ಗಾಡಿ, ಅಂಕಣ ನಾಲ್ಕು.
ಮಂಕಿಟೋಪಿಯೊಳಗೆ ಮುಖ ಹುಗಿದುಕೊಂಡು
ಒಬ್ಬ ಉದ್ದನೆಯ ಹುಡುಗ
ಟೀ ಅಂಗಡಿಯ ಮುಂದೆ ಬನ್ನಿಗೆ ಚಿಲ್ಲರೆ ತಡಕುತ್ತಿದ್ದ.
ನಡಿಗೆಯಲ್ಲೇ ಗೊತ್ತಾಯಿತು, ಎಡ ಮಂಡಿ.
ಹೋದ ವರ್ಷ ಆಪರೇಷನ್ ಆದ ಮಂಡಿ.
ಅವನಿಗೆ ನಾನು ಯಾರೋ;
ನನಗೆ ಅವನ ಮೂಳೆ ಗೊತ್ತು.

ಕೇಳಬೇಕು ಎಂದು ರಾತ್ರಿಯೆಲ್ಲ ಕಟ್ಟಿಟ್ಟ ಮಾತಿತ್ತು:
'ಯಾಕಪ್ಪಾ ನಾಲ್ಕು?'
ಕಂಡಕ್ಟರ್ ಲಾಗ್‌ಶೀಟು ಹಿಡಿದು, 'ಸಹಿ ಹಾಕಿ ಮೇಡಂ, ಲೇಟಾಯ್ತು.'
ಪೆನ್ನು ಕಾಣುತ್ತಿಲ್ಲ ಎಂದೆ.
ಡ್ರಾ ತೆಗೆದೆ, ಮುಚ್ಚಿದೆ, ಮೇಜಿನ ಕೆಳಗೆ ಬಗ್ಗಿದೆ.
ಪೆನ್ನು ಕಿವಿಯ ಮೇಲೇ ಇತ್ತು,
ಕಂಡಕ್ಟರ್ ನೋಡಿಯೂ ನೋಡದ ಹಾಗೆ ನಿಂತಿದ್ದ.
ಹುಡುಗ ಬನ್ನು ಕಚ್ಚಿಕೊಂಡೇ ಓಡಿ ಬಂದ,
ಬ್ಯಾಗು ಹೆಗಲಿಗೇರಿಸಿ
ಬಾಗಿಲ ಕಂಬಿಯನ್ನು ಅಂಗೈಯಿಂದ ತಟ್ಟಿದ.

ಎಣಿಸಬಾರದು ಎಂದುಕೊಂಡೆ.
ಒಂದು.
ಅಷ್ಟರಲ್ಲಿ ಆಲೂರಿನ ಬಸ್ಸು ಅಡ್ಡ ಬಂತು.

ಎಂಟಕ್ಕೆ ಮತ್ತೆ ಅದೇ ಊರಿನದು.
ಮೆಣಸಿನ ನೀರಿಗೆ ಗಂಟಲು ಸ್ವಲ್ಪ ಬಿಟ್ಟಿದೆ.
ಮೈಕು ಹತ್ತಿರ ಎಳೆದುಕೊಂಡು
'ಚಿಕ್ಕ' ಎನ್ನುವ ತನಕ ಗಟ್ಟಿಯಾಗಿ ಹೇಳಿ
ಉಳಿದದ್ದನ್ನು ಕೆಮ್ಮಿಬಿಟ್ಟೆ.
ಜನ ಹೇಗೋ ಹತ್ತಿದರು.