ಲೆಕ್ಕದ ಬೆಂಕಿ

ಹಗಲು ಕಡಲಿನದು, ಇರುಳು ಘಟ್ಟದ್ದು.
ಗಾಳಿಯ ಈ ಪಾಳಿಯನ್ನು
ಹೆಬ್ರಿಯಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.
ಹನ್ನೊಂದು ಗಂಟೆಗೆ ಪಡುವಣದಿಂದ ಬಂದದ್ದು
ಹೊಗೆಯನ್ನು ಬೆಟ್ಟಕ್ಕೆ ಒರಗಿಸಿಡುತ್ತದೆ
ಗೋಡೆಗಿಟ್ಟ ಏಣಿಯ ಹಾಗೆ.
ದೀಪ ಹಚ್ಚುವ ಹೊತ್ತಿಗೆ ಬೆಟ್ಟ ಕೈ ಬಿಡುತ್ತದೆ.
ಇಳಿಯುತ್ತದೆ ಆಮೇಲೆ,
ತೋಡು ಹಿಡಿದು, ನೀರು ಇಳಿಯುವ ದಾರಿಯಲ್ಲೇ,
ಮೊದಲು ಶಾಲೆ, ಮತ್ತೆ ಹಾಲಿನ ಸೊಸೈಟಿ,
ಮತ್ತೆ ನಾವು.

ಇಲಾಖೆಯವರು ಮೈಕಿನಲ್ಲಿ ಹೇಳಿ ಹೋಗಿದ್ದರು,
ಜೀಪು ನಿಲ್ಲಿಸದೆ:
ಹೆದರಬೇಡಿ, ಇದು ನಾವೇ ಕೊಡುವ ಬೆಂಕಿ,
ಎಪ್ರಿಲಿನ ದೊಡ್ಡ ಬೆಂಕಿಗೆ ತಿನ್ನಲು ಏನೂ ಸಿಗದಂತೆ
ಈಗಲೇ ಗೆರೆ ಸುಡುತ್ತೇವೆ,
ಆರು ಮೀಟರು ಅಗಲ, ಒಂಬತ್ತು ದಿನ.
ಬೆಂಕಿಗೆ ಅಗಲ ಉಂಟು, ದಿನ ಉಂಟು, ಬಿಲ್ಲು ಉಂಟು.
ಹೊಗೆಯ ಅಗಲ ಎಷ್ಟು ಅಂತ
ಜೀಪಿನ ಹಿಂದೆ ಓಡಿ ಕೇಳಲಿಕ್ಕೆ ಆಗುತ್ತದಾ?

ನನಗೆ, ಈ ವಾರ್ಡಿನ ಆಶಾ ಕಾರ್ಯಕರ್ತೆಗೆ,
ಬೆರಳು ಕಚ್ಚುವ ಒಂದು ಸಣ್ಣ ಯಂತ್ರ ಕೊಟ್ಟಿದ್ದಾರೆ.
ಮನೆಮನೆಗೆ ಹೋಗಿ ಬೆರಳು ಕೊಡಿ ಅನ್ನುತ್ತೇನೆ.
ಸಿಸಿಲ್ಯಬಾಯಿ ತೊಂಬತ್ತೊಂದು,
ಪಂಪು ಎಳೆದ ಮೇಲೆ ತೊಂಬತ್ತನಾಲ್ಕು.
ಅಬ್ಬಾಸ್ ಬ್ಯಾರಿಯವರ ಮೊಮ್ಮಗು ಬೆರಳು ಕೊಡುವುದಿಲ್ಲ,
ಅಳುತ್ತದೆ. ಅಷ್ಟು ಅಳಲಿಕ್ಕೆ ಉಸಿರುಂಟಲ್ಲ,
ಸರಿ ಅಂತ ಬರೆದುಕೊಂಡೆ.
ನೀಲು ಪೂಜಾರ್ತಿ ಬೀಡಿ ಸುತ್ತುವುದು ನಿಲ್ಲಿಸದೆ
ಎಡಗೈಯ ಕಿರುಬೆರಳು ಮಾತ್ರ ಚಾಚಿದರು.
ನಲ್ವತ್ತು ವರ್ಷ ಊರೂರಿಗೆ ಹೊಗೆ ಕಟ್ಟಿ ಕಳಿಸಿದ್ದೇನೆ ಮಗಾ,
ಒಂದು ಸಲ ವಾಪಸು ಬಂತು ಅಂತ ಇಟ್ಟುಕೋ.
ನಗಲು ಹೋಗಿ ಕೆಮ್ಮಿದರು,
ತಡ್ಪೆಯಲ್ಲಿದ್ದ ಹೊಗೆಸೊಪ್ಪಿನ ಪುಡಿ ಹಾರಿತು.

ಎಲ್ಲರೂ ಕೇಳಿದ್ದು ಒಂದೇ,
ಯಾರು ಕೊಟ್ಟದ್ದು ಈ ಬೆಂಕಿ?
ನಾನು ಪುಸ್ತಕಕ್ಕೆ ತಲೆ ಬಗ್ಗಿಸಿದೆ.

ಕೊಟ್ಟದ್ದು ನನ್ನ ಅಪ್ಪ.
ಮಂಗಳವಾರ ಹುಟ್ಟಿದ್ದಕ್ಕೆ ಅಂಗಾರ ಅಂತ ಹೆಸರು.
ಕೆಂಡಕ್ಕೂ ಅದೇ ಹೆಸರೆಂದು
ಗೊತ್ತಿದ್ದೋ ಗೊತ್ತಿಲ್ಲದೆಯೋ
ಇಲಾಖೆ ಅವರನ್ನು ದಿನಗೂಲಿಗೆ ಹಿಡಿದು ಹದಿನೆಂಟು ವರ್ಷ.
ಒಂದು ಕೈಯಲ್ಲಿ ಸೂಟೆ, ಒಂದು ಕೈಯಲ್ಲಿ ಹಸಿ ಗೆಲ್ಲು.
ಕೊಡುವುದೇನು ಮಹಾ, ಅನ್ನುತ್ತಾರೆ,
ಸಾಕು ಅಂತ ಅದಕ್ಕೆ ಅರ್ಥ ಮಾಡಿಸುವುದಕ್ಕೇ ಸಂಬಳ.
ತರಗೆಲೆಯ ನಡುವೆ ಕಾಡುಕೋಳಿಯ ಮೊಟ್ಟೆ ಸಿಕ್ಕಿದರೆ
ಗೆರೆಯನ್ನು ಸ್ವಲ್ಪ ಬಳಸಿ ಒಯ್ಯುತ್ತಾರೆ.
ನಕ್ಷೆಯಲ್ಲಿ ಅದು ನೇರವೇ ಇರುತ್ತದೆ.

ನಿನ್ನೆ ಒಂಬತ್ತೂವರೆಗೆ ಮನೆಗೆ ಬಂದರು.
ಅವರಿಗಿಂತ ಮೊದಲೇ ಬಂದು ಹೊಗೆ
ಒಳಗೆ ಕೂತಿತ್ತು, ನೆಂಟರ ಹಾಗೆ,
ಹಾಸಿಗೆಗೆ ಒರಗಿ, ಕುಡಿಯುವ ನೀರಿನಲ್ಲೂ ಕೈಯಾಡಿಸಿ.
ಗಂಜಿ ಬಡಿಸುವ ಮೊದಲು ಬೆರಳು ಕೊಡಿ ಅಂದೆ.
ನನಗೆಂತದ್ದಕ್ಕೆ?
ಮಸಿ ಹಿಡಿದ ಬೆರಳಿನಲ್ಲಿ ಯಂತ್ರಕ್ಕೆ ನಾಡಿ ಸಿಗಲಿಲ್ಲ.
ಗೆರೆ ತೋರಿಸಿತು. ಬರೀ ಗೆರೆ.
ಸಾಬೂನು ಹಾಕಿ ತೊಳೆದೆ, ಒಂದೊಂದೇ ಬೆರಳು,
ಸಣ್ಣವಳಿರುವಾಗ ನನ್ನದನ್ನು ಅವರು ತೊಳೆದಿರಬೇಕು, ನೆನಪಿಲ್ಲ.
ತೊಂಬತ್ತು ಅಂತ ಬಂತು.
ಉಗುರಿನೊಳಗೆ ಉರಿಯುವ ಕೆಂಪು ಬೆಳಕನ್ನು
ಬಾಗಿ ನೋಡಿದರು ಅಪ್ಪ.
ಹತೋಟಿಯಲ್ಲಿ ಉಂಟಲ್ಲ? ಅಂದರು.

ನಾಳೆ ಹೋಗಬೇಡಿ ಅಂದೆ.
ಅರ್ಧ ಸುಟ್ಟು ಬಿಟ್ಟ ಗೆರೆ, ಅಂದರು,
ಸುಡದ್ದಕ್ಕಿಂತ ಕಡೆ.
ಮತ್ತೆ ಗಂಜಿಯ ಸದ್ದು ಮಾತ್ರ.

ಬೆಳಿಗ್ಗೆ ಸಿಸಿಲ್ಯಬಾಯಿ ಗೇಟಿನಲ್ಲಿ ನಿಂತಿದ್ದರು,
ಸೆರಗು ಮೂಗಿಗೆ ಒತ್ತಿ.
ಜೀಪು ನಿಲ್ಲದ ಜಾಗದಲ್ಲಿ ಅಪ್ಪ ನಿಂತರು,
ಅವರ ಕೆಮ್ಮು ಮುಗಿಯುವವರೆಗೂ ನಿಂತರು.
ಹನ್ನೊಂದಕ್ಕೆ ಗಾಳಿ ತಿರುಗುತ್ತದೆ ಬಾಯಮ್ಮ,
ಅಲ್ಲಿವರೆಗೆ ಕಿಟಕಿ ತೆಗೀಬೇಡಿ.
ಬೆಂಕಿ ಕೊಟ್ಟದ್ದು ನಾನೇ.

ಗೊತ್ತುಂಟು ಅಂಗಾರ, ಅಂದರು ಅವರು,
ನಿನ್ನ ಅಂಗಿ ದಿನಾ ಹೇಳಿಕೊಂಡೇ ಹೋಗ್ತದೆ.