ತಿಪ್ಪಿಯ ಜ್ವರ

ಘಟಪ್ರಭಾ ಊರೊಳಗ ಬಂದಾಗ
ಮೊದಲು ತುಂಬಿದ್ದು ಪಾಯಖಾನಿ ಗುಂಡಿ,
ಆಮ್ಯಾಲೆ ಹಗೇವು, ಆಮ್ಯಾಲೆ ದೇವರ ಜಗಲಿ.
ಮುಧೋಳದ ಕಡೆ ಗುಡ್ಡದ ಮ್ಯಾಲಿನ ಸಾಲಿಯೊಳಗ
ನಾವು ನೂರಾ ಹನ್ನೊಂದು ಮಂದಿ.
ಅನ್ನ ಟ್ರ್ಯಾಕ್ಟರಿನ್ಯಾಗ ಬಂತು, ಚಾದರ ಬಂದವು,
ಫೋಟೋ ಹೊಡಿಯವರು ಬಂದರು.
ಉಂಡದ್ದು ಎಲ್ಲಿ ಹೋಗಬೇಕು ಅಂತ
ಯಾರೂ ಕೇಳಲಿಲ್ಲ.

ಮೂರನೇ ದಿನ ಎರಡು ಹುಡುಗರಿಗೆ ಭೇದಿ.
ಸಿಸ್ಟರ್ ಶಕೀಲಾ ಬಣ್ಣದ ಬಕೀಟು ತರಿಸಿದಳು,
ಆರನೇತ್ತೆಯ ಬೆಂಚಿಗೆ ಗರಗಸ ಹಚ್ಚಿ
ದುಂಡಗ ಒಂದು ತೂತು ಕೊರಸಿದಳು.
ಗಾಣದ ಮನಿಯಿಂದ ಒಣಾ ಕಬ್ಬಿನ ಸಿಪ್ಪಿ.
ಕೂತು ಎದ್ದ ಮ್ಯಾಲೆ ಎರಡು ಬೊಗಸಿ.
"ಬಗ್ಗಿ ನೋಡಿದರ ಸಿಪ್ಪಿ ಕಾಣಬೇಕು,
ಬ್ಯಾರೆ ಏನೂ ಕಾಣಬಾರದು" ಅಂದಳು.
ಆತು.
ತುಂಬಿದ ಬಕೀಟು ಹೊರವರು ಯಾರು?

ಯಾರೂ ಬಾಯಿ ಬಿಡಲಿಲ್ಲ.
ಕಣ್ಣು ಮಾತ್ರ ಒಂದೊಂದ ಹಿಂದಿನ ಗ್ವಾಡಿಗೆ ಹೋದವು,
ಅಲ್ಲಿ ಯಮನವ್ವ ಕುಂತಿದ್ದಳು.
ನನ್ನ ಕಣ್ಣೂ ಹೋಗಿದ್ದವು. ಸುಳ್ಳು ಯಾಕ ಹೇಳಲಿ.

ಆಕಿ ಎದ್ದಳು. ಸೆರಗು ಬಿಗದಳು.
"ನಮ್ಮವ್ವನ ನಡುನೆತ್ತಿ ಮ್ಯಾಲೆ
ಸಿಂಬಿ ಇಟ್ಟಲ್ಲೆ ಸಾಯೂತನಕ ಕೂದಲ ಹುಟ್ಟಲಿಲ್ಲ.
ನಾ ಹೊರೂದಿಲ್ಲ.
ಹೇತವರು ಹೊರ್ರಿ. ಲೆಕ್ಕಾ ನಾ ಇಡ್ತೀನಿ."

ತಗಡಿನ ಮ್ಯಾಲೆ ಮಳಿ ಸದ್ದು.
ಎಷ್ಟೋ ಹೊತ್ತಿಗೆ ಎರಡು ಕೂಸಿನ ತಾಯಿ ಕಲಾವತಿ
"ದಿನಾ ಬಳಿಯೂದ ಬಳೀತೀನಿ, ಇದೇನ ಹೊಸಾದು" ಅಂತ
ಹಿಡಿಕಿಗೆ ಕೈ ಹಾಕಿದಳು.
ಅಕಿ ಹಿಂದ ನಾವು, ಮಾರಿ ಆ ಕಡೆ ಮಾಡಿಕೊಂಡು.

ನಾ ಮೂವತ್ತು ಸುಗ್ಗಿ ಬೆಲ್ಲಾ ಕಾಸಿದವ.
ಪಾಕ ಬಂದದ್ದು ಬೆರಳಿಗೆ ಗೊತ್ತಾಗತಿತ್ತು,
ಸಂಘದವರು ಕೊಟ್ಟ ಉದ್ದನ ಥರ್ಮಾಮೀಟರು
ಡಬ್ಬಿಯೊಳಗ ಹಂಗ ಇತ್ತು.
ಒಯ್ದು ಯಮನವ್ವಗ ಕೊಟ್ಟೆ.
ಈ ಪಾಕಕ್ಕ ಬೆರಳ ಅದ್ದಾಕ ಆಗೂದಿಲ್ಲಲ್ಲ.

ನೀರು ಏರದ ಜಾಗಾ, ಬೋರಿನಿಂದ ದೂರ,
ಬುಡಕ ಮೊಣಕಾಲುದ್ದ ರವದಿ,
ನಡುವ ತಗ್ಗು ಮಾಡಿ ಸುರುವಬೇಕು, ಮತ್ತ ರವದಿ,
ಬಕೀಟು ತೊಳದ ನೀರೂ ಅಲ್ಲೇ,
ನಾಯಿ ಕೆದರದಂಗ ಮ್ಯಾಲೆ ಜಾಳಿಗಿ,
ಆಮ್ಯಾಲೆ ಸಾಬಾಣ, ಉಗುರಿನ ಸಂದಿಗೂ ಸಾಬಾಣ.
ಆಕಿ ಕೋಲಿನಂಗ ಕಾಟಾ ಚುಚ್ಚಿ
ಹಳೇ ಹಾಜರಿ ಪುಸ್ತಕದಾಗ ಬರದಳು:
ಮೂವತ್ತೆಂಟು. ನಾಲ್ವತ್ತೇಳು. ಐವತ್ತೆರಡು.
ಹನ್ನೊಂದನೇ ದಿನ ಗುಡ್ಡದ ಮ್ಯಾಲಿಂದ ಕೂಗಿದಳು,
"ಅರವತ್ತೊಂದು! ಜ್ವರಾ ಬಂತ್ರಿ, ತಿಪ್ಪಿಗೆ ಜ್ವರಾ ಬಂತು!"
ಮಗಳು ದೊಡ್ಡಾಕಿ ಆದಳು ಅನ್ನೂವಂಗ.
ಆ ಜ್ವರದಾಗ ನಮ್ಮ ಜಡ್ಡು ಸಾಯತಿತ್ತು.

ಅದೇ ವಾರ ಕಲಾವತಿಯ ಕಾಲುಂಗರ ಒಂದು ಕಾಣವಲ್ದಾತು.
ಮತ್ತ ಕಣ್ಣು ಹಿಂದಿನ ಗ್ವಾಡಿಗೆ ಹೋದವು.
ಯಮನವ್ವ ಟ್ರಂಕು ತಗದು
ಎಲ್ಲಾರ ಮುಂದ ಬೋರಲ ಹಾಕಿದಳು.
ಎರಡು ಸೀರಿ, ಗಂಡನ ಫೋಟೋ, ಸೂಜಿ ದಾರ.

ನೀರು ಇಳದು ನಾವು ಇಳದ್ವಿ.
ಆಕಿ ತಿಪ್ಪಿ ಮುಚ್ಚಿ, ತಗಡಿನ ಮ್ಯಾಲೆ ತಾರೀಖು ಬರದು,
"ವರ್ಷ ತುಂಬೂತನಕ ಮುಟ್ಟಬ್ಯಾಡ್ರಿ" ಅಂತ
ಬೇಲಿಗೆ ಕಟ್ಟಿದಳು.
ಆಗಾಗ ಒಬ್ಬಾಕಿನ ಗುಡ್ಡಾ ಏರತಿದ್ದಳು, ಕಾಟಾ ಹಿಡಕೊಂಡು.

ವರ್ಷ ತುಂಬಿದ ದಿನ ಸಲಿಕಿ ಹಾಕಿದ್ವಿ.
ಕರೇ ಪುಡಿ. ನಾತಾ ಇಲ್ಲ.
ಒಂದು ಅಂಗಿ ಗುಂಡಿ, ಒಂದು ಗೋಲಿ,
ಆಮ್ಯಾಲೆ ಸಲಿಕಿಗೆ ಟಣ್ ಅಂತ ಕಾಲುಂಗರ.

ಕಲಾವತಿ ಅಳಾಕ ಹತ್ತಿದಳು.
ಯಮನವ್ವ ಅದನ್ನ ತೊಳದು ಅಕಿ ಅಂಗೈಯಾಗ ಇಟ್ಟು,
"ಮಣ್ಣು ಬೇವಿನ ಬುಡಕ್ಕ ಹಾಕ್ರಿ, ಕೊತ್ತಂಬರಿ ಮಡಿಗೆ ಬ್ಯಾಡ" ಅಂದು
ಹಾಜರಿ ಪುಸ್ತಕದ ಕಡೀ ಸಾಲು ಬರದಳು:
ಕಾಲುಂಗರ ಒಂದು. ತಿಪ್ಪಿಯೊಳಗ ಸಿಕ್ಕಿತು.
"ಕೆಳಗ ಸಹಿ ಮಾಡ್ರಿ. ಎಲ್ಲಾರೂ."

ನನಗ ಸಹಿ ಬರೂದಿಲ್ಲ, ಹೆಬ್ಬಟ್ಟು ಒತ್ತಿದೆ.
ಬೆರಳಿಗೆ ಆ ಕರೇ ಮಣ್ಣು ಹತ್ತಿತ್ತು,
ಶಾಯಿ ಬೇಕಾಗಲಿಲ್ಲ.